ಮೊದಲ ಮಧ್ಯಸ್ಥಿಕೆಯ ಅಂಜಿಕೆ

ನ್ಯಾಯಾಧೀಶೆಯಾಗಿದ್ದಾಗ ನಾನು ಎತ್ತರದ ಪೀಠದಲ್ಲಿರುತ್ತಿದ್ದೆ, ಕೆಳಗೆ ಪೊಲೀಸರಿರುತ್ತಿದ್ದರು. ನಿವೃತ್ತಳಾಗಿ ಮಧ್ಯಸ್ಥಿಕೆಗೆ ಇಳಿದಾಗ ಮಕ್ತಲ್‌ನಲ್ಲಿ ಮೊದಲು ಬಂದವರು ಕುಲದೇವರು ಬೀರಪ್ಪನ ಪೂಜೆಯ ಹಕ್ಕಿಗಾಗಿ ಜಗಳವಾಡುತ್ತಿದ್ದ ಕುರಿಗಾಹಿ ಅಣ್ಣತಮ್ಮಂದಿರು. ಸಣ್ಣ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ತಮ್ಮನ ಯಾವುದೋ ಮಾತಿಗೆ ಅಣ್ಣ ತಾನು ತಂದಿದ್ದ, ಕುರಿಗೆ ಸೊಪ್ಪು ಕಡಿಯುವ ಕೊಡಲಿ ಹಿಡಿದು ಎದ್ದುನಿಂತ. ಬಾಗಿಲು ಅವನ ಬೆನ್ನ ಹಿಂದಿತ್ತು. ಗದರಿಸಲು ಇಲ್ಲಿ ಪೀಠವೂ ಇರಲಿಲ್ಲ, ಪೊಲೀಸರೂ ಇರಲಿಲ್ಲ.

“ಅಣ್ಣಾ, ನನಗ ಅಂಜಿಕಿ ಆಗಾಕ ಹತ್ತೈತಿ,” ಎಂದೆ.

ಅವನು ತನ್ನ ಕೈಯನ್ನೇ ನೋಡಿಕೊಂಡ. “ನಿಮಗೇನೂ ಮಾಡಂಗಿಲ್ರೀ ಅಮ್ಮಾ,” ಎನ್ನುತ್ತ ಕೊಡಲಿಯನ್ನು ಹೊರಗಿಟ್ಟು ಬಂದು ಕೂತ. ಸಂಜೆಯ ಹೊತ್ತಿಗೆ ಇಬ್ಬರೂ ವರ್ಷ ಬಿಟ್ಟು ವರ್ಷ ಪೂಜೆ ಮಾಡಲು ಒಪ್ಪಿದರು.

ಈಗ ಮಧ್ಯಸ್ಥಿಕೆಯ ಜೊತೆಗೆ ಗದ್ವಾಲ್‌ನಲ್ಲಿ ಕಾನೂನು ಪಾಠವನ್ನೂ ಮಾಡುತ್ತೇನೆ. ಈ ಘಟನೆ ಹೇಳಿದಾಗ, ಆ ಭಯ ಆಮೇಲೆ ಹೋಯಿತೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೋಗಿಲ್ಲ, ಪ್ರತಿ ಮಧ್ಯಸ್ಥಿಕೆಗೂ ಮುನ್ನ ನನ್ನ ಅಂಗೈ ಬೆವರುತ್ತದೆ.