ಕವರ್ ಕೀಳದ ಜಾಕೆಟ್

ಹೆಂಡತಿಯನ್ನ ಕಾರಲ್ಲಿ ಕೂರಿಸ್ಕೊಂಡು ತುಮಕೂರಿಂದ ಕುಣಿಗಲ್ ಕಡೆಯ ಕೆರೆಯೊಂದಕ್ಕೆ ಹೋಗಿದ್ದೇ ಕಯಾಕ್ ದೋಣಿಯಲ್ಲಿ ಹುಟ್ಟು ಹಾಕೋಣ ಅಂತ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯೋ ಹಾಗಿಲ್ಲ ಅಂದ ಅಲ್ಲಿನ ದೋಣಿ ಕೇಂದ್ರದ ವಾಚ್‌ಮನ್. ಸರಿ, ಕೊಡಪ್ಪಾ ಅಂದೆ. ಬೀರು ತೆಗೆದು ತೋರಿಸಿದ. ಜಾಕೆಟ್ಟುಗಳೇನೋ ರಾಶಿ ಇದ್ದವು, ಎಲ್ಲವೂ ಪ್ಲಾಸ್ಟಿಕ್ ಕವರಿನೊಳಗೆ.

"ಕವರ್ ಕೀಳಂಗಿಲ್ಲ ಸಾರ್. ಸಾಹೇಬ್ರು ತಪಾಸಣೆಗೆ ಬಂದಾಗ ಹೊಸದಾಗೇ ಕಾಣ್ಬೇಕು."

"ಅಲ್ಲಯ್ಯಾ, ಯಾರಾದ್ರೂ ಮುಳುಗಿದ್ರೆ?"

"ಅದಕ್ಕೇ ಸಾರ್, ಯಾರನ್ನೂ ನೀರಿಗೆ ಬುಡ್ತಿಲ್ಲ."

ಮೈಯೆಲ್ಲಾ ಉರಿದುಹೋಯಿತು. ವಸ್ತು ತರೋದು ಬಳಸೋಕೋ, ಬೀರೂಲಿಟ್ಟು ಪೂಜೆ ಮಾಡೋಕೋ ಅಂತ ಕಾರಿನ ತನಕ ಕೂಗಾಡ್ತಾ ಬಂದೆ. ಬಾಗಿಲು ದಬಾರನೆ ಎಳೆದು ಧೊಪ್ಪನೆ ಕೂತೆ. ಎರಡು ವರ್ಷದ ಹಿಂದೆ ಶೋರೂಮಿಂದ ಸೀಟಿನ ಮೇಲೆ ಬಂದಿದ್ದ ಪ್ಲಾಸ್ಟಿಕ್ಕು ಚರಚರ ಅಂತು.

"ಮೆತ್ತಗೆ ಕೂತ್ಕೊಳ್ರೀ," ಅಂದಳು ಹೆಂಡತಿ, "ಕವರ್ ಹರಿದೋದೀತು."