ಕೊಹಿನೂರದ ಬಾವಿ ಮಂತ್ರಿಮಂಡಲ

ತುಳಜಾರಾಮನನ್ನು ಊರವರು ‘ಬಾವಿ ಪ್ರಧಾನಿ’ ಎನ್ನುತ್ತಿದ್ದರು. ಬಾಯಿಗೆ ತುಸು ಹೆಚ್ಚು ಉಸಿರು ಕೊಟ್ಟು ಯಾರಾದರೂ ‘ಭಾವಿ’ ಎಂದರೆ ಅವನೇನೂ ತಿದ್ದುತ್ತಿರಲಿಲ್ಲ.

ಬಸವಕಲ್ಯಾಣದ ಕಡೆಯ ಕೊಹಿನೂರದಲ್ಲಿ ಹುಟ್ಟಿದ ಈತ ಮೂವತ್ತರ ದಶಕವನ್ನೆಲ್ಲ ಸೊಲ್ಲಾಪುರದ ಗಿರಣಿಯಲ್ಲಿ ಕಳೆದ. ಗಿರಣಿ ಅವನಿಗೆ ಹತ್ತಿಸಿದ್ದು ಕೆಮ್ಮು ಮತ್ತು ಪತ್ರಿಕೆ ಓದುವ ಚಟ. 1939ರಲ್ಲಿ ಮುಂಬಯಿ ಪ್ರಾಂತದ ಮಂತ್ರಿಗಳೆಲ್ಲ ಒಟ್ಟಿಗೇ ರಾಜೀನಾಮೆ ಕೊಟ್ಟ ಸುದ್ದಿ ಓದಿ ಅಂದಿನ ಊಟವನ್ನೇ ಮರೆತ. ಅವನ ಊರಿದ್ದ ನಿಜಾಮರ ಸೀಮೆಯಲ್ಲಿ ವಜೀರನೆಂದರೆ ದೊರೆ ಕೂರಿಸಿದಾಗ ಕೂತು, ಎಬ್ಬಿಸಿದಾಗ ಏಳುವವನು. ತಾನಾಗಿ ಎದ್ದು ಹೋಗುವ ಮಂತ್ರಿಯೂ ಉಂಟೆ?

ಊರಿಗೆ ಮರಳಿದ ಮೇಲೂ ಆ ಬೆರಗು ಇಳಿಯಲಿಲ್ಲ. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, 1949ರಲ್ಲಿ, ಸಂತೆಗೆಂದು ಹುಮನಾಬಾದಿಗೆ ಹೋದಾಗಲೆಲ್ಲ ಚಹಾದಂಗಡಿಯ ಹಳೆಯ ಪತ್ರಿಕೆಗಳಲ್ಲಿ ದಿಲ್ಲಿಯ ಮಂತ್ರಿಮಂಡಲವನ್ನು ಓದಿಕೊಂಡು ಬರುತ್ತಿದ್ದ. ತರಬೇಕಾದ ಉಪ್ಪು ಮಾತ್ರ ಅಲ್ಲೇ ಉಳಿಯುತ್ತಿತ್ತು.

ಎತ್ತು ಕಟ್ಟಿ ಚರ್ಮದ ಮೋಟಿನಲ್ಲಿ ನೀರೆತ್ತುವ ಅವನ ಬಾವಿಯಲ್ಲಿ ಐದು ಮನೆಗಳಿಗೆ ಪಾಲಿತ್ತು. ನೀರಿನ ಪಾಳಿಗಾಗಿ ಐದು ಮನೆಗಳೂ ಕಚ್ಚಾಡುತ್ತಿದ್ದವು. ತುಳಜಾರಾಮ ಖಾತೆ ಹಂಚಿದ. ಸಂಗಪ್ಪನಿಗೆ ಹಗ್ಗದ ಖಾತೆ. ಗಂಡ ತೀರಿದ ಮೇಲೆ ಹೊಲ ನಡೆಸುತ್ತಿದ್ದ ಮಾಣಿಕಮ್ಮನಿಗೆ ಕಾಲುವೆ. ಇನ್ನೊಬ್ಬರಿಗೆ ಎತ್ತುಗಳ ಸರದಿ. ಐದನೆಯ ಮನೆಯ ಮುದುಕ ಚಹಾಕ್ಕಷ್ಟೇ ಬರುತ್ತಿದ್ದುದರಿಂದ ಅವನು ಖಾತೆಯಿಲ್ಲದ ಮಂತ್ರಿಯಾದ.

“ಒಳಗ ಬೇಕಾದಂಗ ಜಗಳಾಡ್ರಿ,” ಎಂದ ಪ್ರಧಾನಿ. “ಹೊರಗ ಬಂದ ಮ್ಯಾಲ ಐವರದೂ ಒಂದ ಮಾತು. ಮನಸಿಗಿ ಬರ್ಲಿಲ್ಲಂದ್ರ ಇಸ್ತೀಫಾ ಕೊಟ್ಟು ಹೋಗಿ ಬೈರಿ.”

“ಮತ್ತ ನಮ್ಮನ್ನ ಕೇಳೋರು ಯಾರಪ್ಪಾ?” ಎಂದಳು ಮಾಣಿಕಮ್ಮ.

“ದಿಲ್ಲ್ಯಾಗ ಪಾರ್ಲಿಮೆಂಟ್ ಕೇಳ್ತದ. ಇಲ್ಲಿ ಐದು ಮನಿ ಮಂದಿ ಕೇಳ್ತಾರ. ಅವರ ಭರೋಸಾ ಹೋತು ಅಂದ್ರ ನಾವೂ ಹೋದಂಗ.”

ಆ ಬೇಸಿಗೆ ಬಾವಿಯ ನೀರು ತಳ ಕಂಡಿತು. ಸಂಗಪ್ಪನ ಕೊಟ್ಟಿಗೆಯ ಬಾಗಿಲು ಹಾಕಿ ಸಭೆ ಕೂತಿತು. ಮಳೆ ಬರುವತನಕ ನೀರು ದನಗಳಿಗೆ ಮತ್ತು ಮೆಣಸಿನ ಗಿಡಕ್ಕೆ ಮಾತ್ರ, ಕಬ್ಬಿಗೆ ಇಲ್ಲ ಎಂದಳು ಮಾಣಿಕಮ್ಮ. ಬಾವಿಯಡಿ ಕಬ್ಬು ಇದ್ದದ್ದು ಒಬ್ಬನದೇ, ಪ್ರಧಾನಿಯದು. ಅರ್ಧ ಎಕರೆ. ಹೆಂಡತಿ ಸೋನುಬಾಯಿ ಕೈಯಾರೆ ತುಂಡು ಊರಿ, ಈ ಸಲ ನಮ್ಮದೇ ಬೆಲ್ಲ ಎಂದು ತವರಿಗೆಲ್ಲ ಹೇಳಿಕೊಂಡಿದ್ದಳು.

ತುಳಜಾರಾಮ ಗಂಟಲು ಹರಿಯುವಷ್ಟು ವಾದಿಸಿದ. ನಾಲ್ವರೂ ಕದಲಲಿಲ್ಲ.

“ಅಣ್ಣಾ, ಮನಸಿಗಿ ಬರ್ಲಿಲ್ಲಂದ್ರ ಇಸ್ತೀಫಾ ಕೊಡ್ರಿ,” ಎಂದ ಸಂಗಪ್ಪ. “ನೀವ ಹೇಳೀರಲ್ಲ?”

“ಕೊಡ್ತಿನೋ. ಪ್ರಧಾನಿ ಕೊಟ್ರ ಮಂತ್ರಿಮಂಡಲನೇ ಬೀಳ್ತದ. ನಿನ್ನ ಹಗ್ಗದ ಖಾತಾನೂ ಹೋತು.”

ಆ ಖಾತೆಯಿಂದಾಗಿ ಜನ್ಮದಲ್ಲಿ ಮೊದಲ ಸಲ ನಾಲ್ಕು ಮಂದಿ ತನ್ನ ಮಾತಿಗೆ ಕಿವಿಗೊಡುವುದನ್ನು ಕಂಡಿದ್ದ ಸಂಗಪ್ಪ ಗಾಬರಿಯಾದ. “ಹಂಗಿದ್ರ ಕುಂದರ್ರಿ ಅಣ್ಣಾ, ಕುಂದರ್ರಿ!”

ತುಳಜಾರಾಮ ಕೂತ. ಎದ್ದು ಹೋದರೆ ಕಬ್ಬಿಗೆ ನೀರೇನೂ ಸಿಗುತ್ತಿರಲಿಲ್ಲ. ಹಳೆಯ ಕಚ್ಚಾಟ ಮಾತ್ರ ಸಿಗುತ್ತಿತ್ತು.

ಬಾಗಿಲು ತೆರೆದಾಗ ಐದೂ ಮನೆಯವರು ಅಂಗಳದಲ್ಲಿದ್ದರು. ಅವನು ಸಭೆಯ ಫೈಸಲಾ ಹೇಳಿದ: ಮಳೆ ಬರುವತನಕ ಕಬ್ಬಿಗೆ ನೀರಿಲ್ಲ. ಸೋನುಬಾಯಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಯಾರ ಮಾತದು?”

“ನಮ್ಮೈವರದು.”

“ನೀವೇನಂದ್ರಿ ಒಳಗ?”

“ಒಳಗಿಂದು ಒಳಗ. ಇದು ನಂದೂ ಮಾತು.”

ಮಾಣಿಕಮ್ಮ ನೆಲ ನೋಡಿದಳು. ಪಾಪ, ಅವಳಿಗೂ ನಿಜ ಹೇಳುವ ಹಾಗಿರಲಿಲ್ಲ.

ವಾರದ ಮೇಲೆ, ನೀರಿಲ್ಲದೆ ಬಾಡಿದ ಮೊಣಕಾಲೆತ್ತರದ ಕಬ್ಬು ಐದೂ ಮನೆಯ ಎತ್ತುಗಳಿಗೆ ಮೇವಾಯಿತು. ಹೊರೆ ಹೊತ್ತವಳು ಸೋನುಬಾಯಿಯೇ. ದಾರಿಯಲ್ಲಿ ಬೇರೆ ಓಣಿಯ ಹೆಂಗಸೊಬ್ಬಳು ಚುಚ್ಚಿದಳು: “ಪ್ರಧಾನಿ ಹೇಣ್ತಿ, ಗಂಡ ನಿನ್ನ ಬೆಲ್ಲ ಎತ್ತಿಗಿ ತಿನಿಸಿದನಲ್ಲೇ!”

“ಆಂವ ಯಾಂವ ತಿನಿಸಾಂವ? ನಾವ್ ಐದೂ ಮನಿಯವ್ರು ಕೂಡಿ ಮಾಡಿದ್ ಫೈಸಲಾ ಅದು. ನಿಮ್ಮ ಬಾವ್ಯಾಗ ಹಗ್ಗಾದ್ರೂ ಅದನೇನು ಮೊದಲ ನೋಡು!”

ಪಕ್ಕದಲ್ಲೇ ಕಾಲುವೆಯ ಹೂಳು ತೆಗೆಯುತ್ತಿದ್ದ ತುಳಜಾರಾಮನಿಗೆ ಇದು ಕೇಳಿಸಿತು. ಅವನು ಸಲಿಕೆಯೂರಿ ನಿಂತು ಮೀಸೆಯಲ್ಲೇ ನಕ್ಕ. ಮನೆಯೊಳಗೆ ಆಕೆ ಮಳೆ ಬರುವತನಕ ವಿರೋಧ ಪಕ್ಷದಲ್ಲೇ ಇದ್ದಳು. ಆದರೆ ರೊಟ್ಟಿ ಒಂದು ದಿನವೂ ತಪ್ಪಲಿಲ್ಲ.