ಬ್ಯಾಡಗಿಯ ಬಲೂನು

ಕಳೆದ ವಾರವಿಡೀ ನಾನು ಒಂದು ಕೆಂಪು ಬಲೂನಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ನಗಬೇಡಿ. ಆ ಬಲೂನು ಬ್ಯಾಡಗಿಯದು. ನಮ್ಮ ರಾಣೇಬೆನ್ನೂರಿನ ಬಲೂನಿಗಿಂತ ದೊಡ್ಡದು. ಒಂದು ಜೀವಮಾನ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ನಡೆದದ್ದು ಹೀಗೆ. ಮೊಮ್ಮಗಳು ಪಲ್ಲವಿ ಪಿಯುಸಿ ಮೊದಲ ವರ್ಷ. ಹಾವೇರಿಯ ವಿಜ್ಞಾನ ಪ್ರದರ್ಶನಕ್ಕೆ ಅವಳ ಪ್ರಾಜೆಕ್ಟು ಆಯ್ಕೆಯಾಗಿತ್ತು. ಮನೆಯ ಸಾಮಾನಿನಿಂದಲೇ ಸ್ಟಾಯ್ಕಿಯೋಮೆಟ್ರಿ ತೋರಿಸಬೇಕು. ಹೆಸರು ಕೇಳಿ ಓಡಬೇಡಿ, ಹೋಳಿಗೆ ಮಾಡುವವರಿಗೆಲ್ಲ ಇದು ಗೊತ್ತಿದೆ. ಕಣಕ ಬುಟ್ಟಿತುಂಬ ಇದ್ದರೂ ಹೂರಣ ಮುಗಿದಲ್ಲಿಗೆ ಹೋಳಿಗೆಯೂ ಮುಗಿಯಿತು. ಯಾವುದು ಮೊದಲು ತೀರುತ್ತದೋ ಅದೇ ಯಜಮಾನ. (ಇದನ್ನೇ ನಾವು ಕ್ಲಾಸಿನಲ್ಲಿ ‘ಲಿಮಿಟಿಂಗ್ ರಿಯೇಜೆಂಟ್’ ಎಂದು ಹೇಳಿ ಮಕ್ಕಳನ್ನು ಹೆದರಿಸುತ್ತಿದ್ದೆವು.)

ಪಲ್ಲವಿಯ ಯೋಜನೆ ಸರಳ. ಐದು ಬಾಟಲಿ. ಎಲ್ಲದರಲ್ಲೂ ಅಷ್ಟಷ್ಟೇ ವಿನೆಗರ್. ಐದು ಬಲೂನುಗಳಲ್ಲಿ ತಿನ್ನುವ ಸೋಡಾ, ಒಂದಕ್ಕಿಂತ ಒಂದರಲ್ಲಿ ಹೆಚ್ಚು. ಬಲೂನನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಸೋಡಾ ಒಳಗೆ ಕೊಡವಿದರೆ ಬುಸ್ಸೆಂದು ಗ್ಯಾಸು ಎದ್ದು ಬಲೂನು ಊದುತ್ತದೆ. ಸೋಡಾ ಹೆಚ್ಚಿದಂತೆ ಬಲೂನೂ ಹೆಚ್ಚುತ್ತದೆ. ಆದರೆ ಐದನೆಯದು ನಾಲ್ಕನೆಯದರಷ್ಟೇ! ಯಾಕೆ? ವಿನೆಗರ್ ಖಲಾಸು.

ಇಂಥ ಪ್ರಾಜೆಕ್ಟಿಗೆ ಮನೆಯಲ್ಲಿ ಯಾರನ್ನು ಕೇಳಬೇಕು? ನಾನು ಕನ್ನಡಕ ಒರೆಸಿಕೊಂಡು ಸಿದ್ಧನಾಗಿ ಕೂತೆ. ಅವಳು ಬ್ಯಾಗು ಹೆಗಲಿಗೇರಿಸಿ ಬ್ಯಾಡಗಿಯ ಬಸ್ಸು ಹತ್ತಿದಳು.

ಬ್ಯಾಡಗಿಯಲ್ಲಿ ಇರುವವರು ನಮ್ಮ ಬೀಗರು, ಸೊಸೆಯ ತಂದೆ ಈರಪ್ಪನವರು. ಮೆಣಸಿನಕಾಯಿ ವ್ಯಾಪಾರಸ್ಥರು. ಸಜ್ಜನರು, ನನ್ನ ಬಳಿ ಇರುವ ಮಾಹಿತಿಯ ಪ್ರಕಾರ ಬೇರೆ ದೋಷಗಳಿಲ್ಲ. ಆದರೆ ಸೋಡಾದ ಬಗ್ಗೆ ಅವರಿಗಿರುವ ಸಮಸ್ತ ಜ್ಞಾನ ಮಿರ್ಚಿಭಜಿ ಉಬ್ಬುವಲ್ಲಿಗೆ ಮುಗಿಯುತ್ತದೆ.

ಭಾನುವಾರ ಸಂಜೆ ತಿರುಗಿ ಬಂದವಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಐದು ಕೆಂಪು ಬಲೂನು ಸಾಲಾಗಿ. ಹಿಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಬೀಗರು, ಬಾಯಿ ತೆರೆದುಕೊಂಡು.

“ಅಜ್ಜಾ, ಬ್ಯಾಡಗಿ ಅಜ್ಜ ಏನೇನ್ ಕೇಳ್ತಾನ ಗೊತ್ತೈತೇನು! ‘ಸೋಡಾ ಹೆಚ್ಚಿಗಿ ಹಾಕಿದ್ರೂ ಪುಗ್ಗಾ ಯಾಕ ಊದವಲ್ದವ್ವಾ’ ಅಂತ. ನಾ ಅರ್ಧಾ ತಾಸು ತಿಳಿಸಿ ಹೇಳಿದೆ.”

“ನನ್ನ ಕೇಳಿದ್ರ ಎರಡು ನಿಮಿಷದಾಗ ಹೇಳ್ತಿದ್ದೆ,” ಎಂದೆ.

“ಅದಕ್ಕ ಕೇಳಿಲ್ಲ,” ಎಂದಳು. ನಕ್ಕಳು ಕೂಡ.

ಆಮೇಲೆ ಬಂತು ನಿಜವಾದ ಪ್ರಶ್ನೆ. ಪ್ರದರ್ಶನಕ್ಕೆ ವಿದ್ಯಾರ್ಥಿಯ ಜೊತೆ ಒಬ್ಬರೇ ಹಿರಿಯರು ಬರಬಹುದಂತೆ. ಅಪ್ಪ-ಅಮ್ಮ ಇಬ್ಬರಿಗೂ ರಜೆಯಿಲ್ಲ. ಉಳಿದವರು ಅಜ್ಜಂದಿರು. ಯಾವ ಅಜ್ಜ?

“ನೋಡೂಣು,” ಎಂದಳು ಪಲ್ಲವಿ.

ನೋಡೂಣು! ಕೆಮಿಸ್ಟ್ರಿಯ ಎಣಿಕೆಗೆ ಡಜನ್ನಿನಂತಿರುವ ಮೋಲ್ ಎಂದರೇನೆಂದು ಕೇಳಿದರೆ ಮುಖ ನೋಡುವವರಿಗೂ ನನಗೂ ನಡುವೆ ನೋಡುವುದೇನಿದೆ?

ಮರುದಿನವೇ ನಮ್ಮ ಅಡುಗೆಮನೆಯನ್ನು ಪ್ರಯೋಗಶಾಲೆ ಎಂದು ಘೋಷಿಸಿದೆ. ಬ್ಯಾಡಗಿಯಲ್ಲಿ ಹಾಕಿದಷ್ಟೇ ನೂರು ಮಿಲಿಲೀಟರ್ ವಿನೆಗರ್, ಅದಕ್ಕೆ ಸರಿಹೊಂದುವ ಏಳು ಗ್ರಾಂ ಸೋಡಾ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಮೊದಲು ಹದಿನೈದು ನಿಮಿಷ ಪ್ರಸ್ತಾವನೆ ಮಾಡಿದೆ. ಪಲ್ಲವಿ ಎರಡು ಸಲ ಆಕಳಿಸಿದಳು. ಬಳಿಕ ಗಂಭೀರವಾಗಿ ಬಲೂನು ಕೊಡವಿದೆ.

ಊದಿತು. ತೆಂಗಿನಕಾಯಿ ಗಾತ್ರಕ್ಕೆ ಬಂದು ನಿಂತಿತು. ಫೋಟೋದಲ್ಲಿದ್ದದ್ದು ಕಲ್ಲಂಗಡಿ.

“ಅವರ ತಕ್ಕಡಿನ ಸರಿ ಇರಾಕಿಲ್ಲ,” ಎಂದೆ. ಬಲೂನಿನ ಕತ್ತು ಹಿಸುಕಿ ಹಿಡಿದು ಬಿಚ್ಚಿ, ಬಾಟಲಿಗೆ ಇನ್ನೊಂದು ಚಮಚ ಸೋಡಾ ಹಾಕಿ ತಿರುಗಿ ಸಿಕ್ಕಿಸಿದೆ. ಮತ್ತೊಂದು. ಅದು ತೆಂಗಿನಕಾಯಿಯಾಗಿಯೇ ಉಳಿಯಿತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಳು. “ಡಬ್ಬೀನ ಸುರುವ್ರಿ ಅದರಾಗ. ನಾಳೆ ಮಿರ್ಚಿಗೆ ಏನ್ ಹಾಕ್ಲಿ, ನಿಮ್ಮ ಪಾಠಾನ?”

“ಅಜ್ಜಾ, ಸೋಡಾ ಕಡಿಮಿ ಬಿದ್ದಿಲ್ಲ. ತಳದಾಗ ಕುಂತೈತಿ ನೋಡು,” ಎಂದಳು ಪಲ್ಲವಿ. ಆಮೇಲೆ ಉಳಿದ ವಿನೆಗರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. “ಅಜ್ಜೀ, ಇದಕ್ಕ ನೀರ್ ಹಾಕೀ ಏನು?”

“ಹೂಂ. ಅರ್ಧಾ ಆಗಿತ್ತು, ನೀರ್ ಹಾಕಿ ಅಲ್ಲಾಡಿಸಿ ಇಟ್ಟೀನಿ. ಶಾಂಪೂ ಬಾಟ್ಲಿಗೂ ಹಂಗ ಮಾಡ್ತೀನಿ. ಇವರು ವರ್ಷಗಟ್ಲೆ ತಲಿ ತೊಳಕೊಂಡ್ರು, ಒಂದಿನಾನೂ ಗೊತ್ತಾಗಿಲ್ಲ!”

ಮುಗಿಯಿತು. ಯಜಮಾನನೇ ಅರ್ಧವಾಗಿದ್ದಾಗ ಸೋಡಾ ಸುರಿದು ಏನು ಬಂತು? ನೂರಾರು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದನ್ನು ಬ್ಯಾಡಗಿಯ ಬಲೂನು ಎದುರಿಗಿದ್ದ ಕಾರಣಕ್ಕೆ ನಾನೇ ಮರೆತಿದ್ದೆ.

ಪಲ್ಲವಿಗೆ ಮಾತ್ರ ಖುಷಿಯೋ ಖುಷಿ. ತಕ್ಷಣ ವಿಡಿಯೋ ಕಾಲ್ ಮಾಡಿದಳು. ಯಾರಿಗೆ? ಕೇಳಬೇಕೆ? ನನ್ನ ಸೋಲನ್ನು ನನ್ನ ಎದುರಿಗೇ, ಸ್ಪೀಕರ್ ಹಾಕಿ ಬೀಗರಿಗೆ ಒಪ್ಪಿಸಿದಳು.

ನೀರು ಬೆರೆಸಿದ್ದು ಎಂದೊಡನೆ ಮೆಣಸಿನಕಾಯಿ ವ್ಯಾಪಾರಸ್ಥರ ಕಿವಿ ನೆಟ್ಟಗಾಯಿತು. “ಹಂಗಾರ ಪುಗ್ಗಾ ನೋಡೇ ನೀರ್ ಎಷ್ಟ್ ಹಾಕ್ಯಾರಂತ ಹೇಳಾಕ ಬರ್ತೈತೇನವ್ವಾ?”

ಅದು ನಾನು ಕೇಳಬೇಕಾಗಿದ್ದ ಪ್ರಶ್ನೆ! ಉತ್ತರ ಹೇಳಲು ಬಾಯಿ ತೆರೆದೆ.

“ಅಜ್ಜಾ, ನಾ ಹೇಳ್ತೀನಿ,” ಎಂದು ಪಲ್ಲವಿ ಕೈ ಅಡ್ಡ ಹಿಡಿದಳು. ಬಲೂನಿನ ಸೊಂಟಕ್ಕೆ ದಾರ ಸುತ್ತಿದಳು, ಗ್ಯಾಸು ಎಷ್ಟೆಂದು ಲೆಕ್ಕ ಹಾಕಿದಳು, ಅಷ್ಟು ಗ್ಯಾಸಿಗೆ ಎಷ್ಟು ಆಮ್ಲ ಬೇಕೆಂದು ಹಿಂದಕ್ಕೆ ಎಣಿಸಿಕೊಂಡು ಬಂದಳು. “ಅರ್ಧಕ್ಕರ್ಧ ನೀರು!” ಫೋನಿನಲ್ಲಿ ಬೀಗರು ಚಪ್ಪಾಳೆ ತಟ್ಟಿದರು.

ತೀರ್ಪು ರಾತ್ರಿಯ ಊಟಕ್ಕೆ ಬಂತು. “ಅಜ್ಜಾ, ಸಿಟ್ಟಾಗಬ್ಯಾಡ. ನೀ ಬಂದ್ರ ಜಡ್ಜ್ ಪ್ರಶ್ನೆ ಮುಗಸೂದ್ರೊಳಗ ಉತ್ತರ ಹೇಳಿಬಿಡ್ತಿ. ಬ್ಯಾಡಗಿ ಅಜ್ಜ ಬರ್ಲಿ.”

ಸಿಟ್ಟೆ? ನನಗೆ? ಎರಡು ರೊಟ್ಟಿ ಕಡಿಮೆ ತಿಂದೆ, ಅಷ್ಟೇ.

ಪ್ರದರ್ಶನದ ದಿನ ನನಗೆ ಹಾವೇರಿಯಲ್ಲಿ ತುರ್ತು ಕೆಲಸವಿತ್ತು. (ಏನು ಕೆಲಸ ಎಂದು ಕೇಳುವ ಓದುಗರು ಈ ಪ್ಯಾರಾ ಬಿಡಬಹುದು.) ಆ ಕೆಲಸ ನನ್ನನ್ನು ಸೀದಾ ಪ್ರದರ್ಶನದ ಸಭಾಂಗಣದ ಕಿಟಕಿಗೆ ತಂದು ನಿಲ್ಲಿಸಿತು.

ಒಳಗೆ ಜಡ್ಜ್ ಒಬ್ಬರು ಪಲ್ಲವಿಯ ಐದನೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದಿದ್ದರು. “ಇದರಾಗ ಸೋಡಾ ಹೆಚ್ಚಾಗೈತಿ ಅಂತಿ. ಮತ್ತ ಎಲ್ಲೈತಿ? ನನಗ ನೀರಷ್ಟ ಕಾಣ್ತೈತಿ.”

ಪಲ್ಲವಿ ಬಾಟಲಿಯನ್ನೂ ಜಡ್ಜರ ಮುಖವನ್ನೂ ನೋಡಿದಳು. ಕರಗಿದೆ, ಹೇಳೇ, ಕರಗಿದೆ! ಕಿಟಕಿಯ ಸರಳು ಹಿಡಿದು ಕರವಸ್ತ್ರ ಕಚ್ಚಿದೆ. ಬೀಗರಿಗೆ ಗೊತ್ತಿದ್ದರೆ ತಾನೆ ಹೇಳುವುದು? ಅವರೂ ಬಗ್ಗಿ ಬಾಟಲಿಯೊಳಗೆ ಇಣುಕಿದರು, ಹೌದಲ್ಲ, ಎಲ್ಲಿ ಹೋಯಿತು ಎಂಬಂತೆ.

ಪಲ್ಲವಿ ನಾಲ್ಕನೇ ಬಾಟಲಿಗೆ ಒಂದಿಷ್ಟು ವಿನೆಗರ್ ಹಾಕಿದಳು. ಸುಮ್ಮನಿತ್ತು. ಐದನೆಯದಕ್ಕೆ ಹಾಕಿದಳು. ಬುಸ್ಸೆಂದಿತು. “ಕರಗಿ ಕುಂತಿತ್ರಿ ಸರ್,” ಎಂದಳು. ನನಗಿಂತ ಚೆನ್ನಾಗಿ! ನಾನಾಗಿದ್ದರೆ ಬರೀ ಹೇಳುತ್ತಿದ್ದೆ, ಅವಳು ತೋರಿಸಿದಳು.

ಜಡ್ಜ್ ಮುಂದಿನ ಟೇಬಲ್ಲಿಗೆ ಹೋದರು. ಅಷ್ಟರಲ್ಲಿ ಬೀಗರ ಕಣ್ಣು ಕಿಟಕಿಗೆ ಬಿತ್ತು. ಹೊರಗೆ ಬಂದವರೇ ನನ್ನ ಕೈ ಹಿಡಿದುಕೊಂಡರು. “ಬರ್ರಿ ಬೀಗ್ರ, ಚಾ ಕುಡಿಯೂಣು. ಹುಡುಗಿ ಹೇಳಿದ್ದು ಅರ್ಧಾ ತಿಳೀತು. ಆ ಮೋಲ್ ಅಂದ್ರೇನದು, ನನಗೊಮ್ಮೆ ಬಿಡಿಸಿ ಹೇಳ್ರಿ.”

ಹೇಳತೊಡಗಿದೆ. ಅವರು ಕೇಳಿದರು. ಕಪ್ಪಿನಲ್ಲಿ ಚಹಾ ಆರಿ ಕೆನೆಗಟ್ಟಿದರೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನಡುವೆ ಕೇಳಿದ ಒಂದೊಂದು ಪ್ರಶ್ನೆಗೂ ನಾನು ಎರಡು ವರ್ಷ ಚಿಕ್ಕವನಾಗುತ್ತ ಹೋದೆ. ರಾಣೇಬೆನ್ನೂರಿನ ಬಸ್ಸು ಹೋಯಿತು. ಅದರ ನಂತರದ್ದೂ ಹೋಯಿತು. ಎಷ್ಟೋ ಬ್ಯಾಚುಗಳಲ್ಲಿ ನನಗೆ ಇಂಥ ಒಬ್ಬನೇ ಒಬ್ಬ ವಿದ್ಯಾರ್ಥಿಯೂ ಸಿಕ್ಕಿರಲಿಲ್ಲ.

ಹೀಗೆ ಕೇಳುವುದನ್ನು ಈ ಮನುಷ್ಯನಿಗೆ ಕಲಿಸಿದ ಮಾಸ್ತರ ಯಾರೋ, ಅವನ ಮೇಲೂ ನನಗೆ ಹೊಟ್ಟೆಕಿಚ್ಚಿದೆ.